ಹಾರ್ಡ್ ಡಿಸ್ಕ್ ಬದಲಿಸಿದೆ, ಅಪ್ಪನ ಪದಗಳು ಉಳಿದವು

ಸಿಂಧನೂರಿನ ನಮ್ಮ ಮನೆಯ ಕಂಪ್ಯೂಟರ್ 2012ರದ್ದು. ಅಪ್ಪ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಊರೂರಿನ ಭಜನೆಗಳಿಗೆ ಹೋಗಿ ತತ್ವಪದ ಬರೆದುಕೊಂಡು ಬಂದು, ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯಲ್ಲಿ ಟೈಪ್ ಮಾಡಿಡುತ್ತಿದ್ದರು. ಕಡಕೋಳ ಮಡಿವಾಳಪ್ಪನವರ ಒಂದೇ ಪದವನ್ನು ಒಂದೊಂದು ಊರಲ್ಲಿ ಒಂದೊಂದು ಥರ ಹಾಡುತ್ತಾರೆ. ಅದನ್ನೆಲ್ಲ ಊರಿನ ಹೆಸರು ಹಾಕಿ ಇಟ್ಟಿದ್ದರು. ಬೇರೆಲ್ಲೂ ಕಾಪಿ ಇರಲಿಲ್ಲ.

ಹೋದ ದೀಪಾವಳಿ ಆದಮೇಲೆ, ಭತ್ತದ ಕೊಯ್ಲಿನ ಧೂಳಿನ ದಿನಗಳಲ್ಲಿ, ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನತೊಡಗಿತು. ನಾಲ್ಕೈದು ಸಲ ಆಫ್ ಮಾಡಿ ಆನ್ ಮಾಡಿದೆ. ಅದು ತಪ್ಪು. ಆ ಸದ್ದು ಬಂದ ಡಿಸ್ಕನ್ನು ಪ್ರತಿ ಸಲ ತಿರುಗಿಸಿದಾಗಲೂ ಅದರ ಆಯುಸ್ಸು ಕಡಿಮೆಯಾಗುತ್ತೆ.

"ಮಷಿನ್ ಹೋದ್ರ ಹೋಗ್ಲಿ ತಮ್ಮಾ, ಪದ ಉಳಿದಾವೇನು ನೋಡು" ಅಂದರು ಅಪ್ಪ.

ಹಾರ್ಡ್ ಡಿಸ್ಕ್ ಜಾಗಕ್ಕೆ, ತಿರುಗುವ ಭಾಗಗಳಿಲ್ಲದ 240 ಜಿಬಿಯ ಎಸ್‌ಎಸ್‌ಡಿ ತಂದೆ. ಇನ್ನು ಯಾವ ಸಿಸ್ಟಮ್ ಹಾಕೋದು? ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಈ ಮಷಿನ್‌ನಲ್ಲಿ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿತ್ತು. ಇರೋದು 4 ಜಿಬಿ ರ‍್ಯಾಮ್. ಹಾಗಾಗಿ ವಿಂಡೋಸ್ ಬದಲು ಹಾಕಬಹುದಾದ ಉಚಿತ ಸಿಸ್ಟಮ್ ಲಿನಕ್ಸ್ ಮಿಂಟ್ 22, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿಕೊಂಡೆ. 2029ರವರೆಗೆ ಅಪ್‌ಡೇಟ್ ಬರುತ್ತೆ. ಡೌನ್‌ಲೋಡ್ ಆದ ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಮಾಡಿದರೆ ಬೂಟ್ ಆಗಲ್ಲ. ಎಚರ್ ಅಥವಾ ರೂಫಸ್ ಅನ್ನೋ ತಂತ್ರಾಂಶದಲ್ಲಿ ಬರೆಯಬೇಕು.

ಮಿಂಟ್‌ನಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಒಂದೇ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ನಡೆಸಬಹುದು. ಹಳೆಯ ಡಿಸ್ಕ್‌ನಲ್ಲಿದ್ದ ವಿಂಡೋಸ್ ಏಳದಿದ್ದರೂ ಫೋಲ್ಡರ್‌ಗಳು ತೆರೆದುಕೊಂಡವು. ಇಡೀ ಡಿಸ್ಕ್ ಕಾಪಿ ಮಾಡೋಕೆ ಹೋಗಲಿಲ್ಲ. ಮೊದಲು ಅಪ್ಪನ ಪದಗಳ ಫೋಲ್ಡರ್, ಆಮೇಲೆ ಫೋಟೋ. ಎರಡು ಕಡೆ ಡಿಸ್ಕ್ ತಡವರಿಸಿ ನಿಂತು, ಮತ್ತೆ ಮುಂದಕ್ಕೆ ಹೋಯಿತು. ಅಷ್ಟು ಹೊತ್ತೂ ಅಪ್ಪ ನನ್ನ ಕುರ್ಚಿಯ ಹಿಂದೆ ನಿಂತೇ ಇದ್ದರು.

ಕಾಪಿ ಆದಮೇಲೆ ಹಳೆಯ ಡಿಸ್ಕ್‌ನ ವೈರ್ ಕಿತ್ತಿಟ್ಟೆ. ಇನ್‌ಸ್ಟಾಲ್ ಮಾಡುವಾಗ ಎರಡೂ ಇದ್ದರೆ, ಕೈತಪ್ಪಿ ಬೇರೆ ಡಿಸ್ಕೇ ಅಳಿಸಿಹೋಗಬಹುದು ಅಲ್ವಾ? ಮದರ್‌ಬೋರ್ಡ್‌ನ ಗುಂಡಿ ಸೆಲ್ಲನ್ನೂ ಆಗಲೇ ಬದಲಿಸಿದೆ. ಅದು ಸತ್ತು ತಾರೀಖು ಹಿಂದಕ್ಕೆ ಹೋಗಿದ್ದರಿಂದ ಬ್ರೌಸರ್ ಯಾವ ಪುಟವನ್ನೂ ಸುರಕ್ಷಿತ ಅಂತ ಒಪ್ಪುತ್ತಿರಲಿಲ್ಲ. ಗಡಿಯಾರದ ಅಂಗಡಿಯಲ್ಲಿ ಸಿಆರ್2032 ಅಂತ ಕೇಳಿದರೆ ಕೊಡುತ್ತಾರೆ. ಕರೆಂಟ್ ಹೋಗುವ ಭಯಕ್ಕೆ ರಾತ್ರಿ ಹತ್ತರ ಮೇಲೆ ಕೂತೆ. ಇಪ್ಪತ್ತು ನಿಮಿಷದಲ್ಲಿ ಇನ್‌ಸ್ಟಾಲ್ ಆಯಿತು.

ಮೊದಲ ಫೈಲ್ ತೆರೆದರೆ ಒಂದಕ್ಷರ ಕನ್ನಡ ಇಲ್ಲ. ಪರದೆ ತುಂಬ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಕೊಂಬು, ಚುಕ್ಕೆ. ಅಪ್ಪ ಏನೂ ಮಾತಾಡಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಫೈಲ್ ಕೆಟ್ಟಿರಲಿಲ್ಲ. ಹಳೆಯ ನುಡಿಯ ಬರಹ, ಈಗಿನ ಕಂಪ್ಯೂಟರ್, ಫೋನ್ ಎಲ್ಲದರಲ್ಲೂ ಬಳಸುವ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ತೋರಿಸೋದು ಅದರ ಫಾಂಟು. ಆ ಫಾಂಟ್ ಇಲ್ಲದಿದ್ದರೆ ಕಾಣೋದು ಹಾಗೇ. ಪದಗಳನ್ನು ಕಾಪಿ ಮಾಡಿಕೊಂಡ ನಾನು ಫಾಂಟ್ಸ್ ಫೋಲ್ಡರ್ ಮರೆತಿದ್ದೆ. ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿ, ಇನ್ನೊಂದು ಸಲ ತಿರುಗಲಿ ಸಾಕು ಅಂತ ಆನ್ ಮಾಡಿದೆ. ತಿರುಗಿತು. ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್‌ನಿಂದ ನುಡಿ ಹೆಸರಿನವನ್ನೆಲ್ಲ ತಂದು ಮಿಂಟ್‌ಗೆ ಹಾಕಿದೆ. ಫೈಲ್ ಓದುವ ಲಿಬ್ರೆಆಫೀಸ್ ತಂತ್ರಾಂಶ ಮುಚ್ಚಿ ತೆರೆದಾಗ ಪದ ಕಂಡಿತು. ಅಪ್ಪ ಮೊದಲ ಸಾಲನ್ನು ಓದಲಿಲ್ಲ, ಹಾಡಿದರು.

ಟೈಪ್ ಮಾಡಲು ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಕಗಪ ಅನ್ನೋ ಕೀಲಿ ವಿನ್ಯಾಸ ಆರಿಸಿಕೊಟ್ಟಿದ್ದೇನೆ. ನುಡಿಯಲ್ಲಿ ಪಳಗಿದ ಕೈಗೆ ಬೇಗ ಹಿಡಿಸಿತು. ಹಳೆಯ ಫೈಲುಗಳನ್ನು ಈಗ ದಿನಕ್ಕೆ ಹತ್ತರಂತೆ ಯೂನಿಕೋಡ್‌ಗೆ ಬದಲಿಸುತ್ತಿದ್ದೇವೆ. ಅರ್ಕಾವತ್ತು ಇದ್ದಲ್ಲಿ ಕೆಲವೊಮ್ಮೆ ತಪ್ಪುತ್ತೆ. ಅದನ್ನೆಲ್ಲ ಅಪ್ಪ ಕೆಂಪು ಪೆನ್ನಲ್ಲಿ ಗುರುತು ಹಾಕಿಕೊಡುತ್ತಾರೆ.