ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಕೆಲಸ: ಮನೆ ಯಾವ ಊರಲ್ಲಿ ಮಾಡಬೇಕು?

ಮ್ಯೂನಿಕ್ ವಿಮಾನ ನಿಲ್ದಾಣ ಇರುವುದು ನಗರದ ನಡುಭಾಗದಿಂದ ಈಶಾನ್ಯಕ್ಕೆ ಸುಮಾರು 28 ಕಿ.ಮೀ. ದೂರದಲ್ಲಿ, ಫ್ರೈಸಿಂಗ್ ಮತ್ತು ಏರ್ಡಿಂಗ್ ಎಂಬ ಎರಡು ಊರುಗಳ ನಡುವಿನ ಬಯಲಿನಲ್ಲಿ. ಹೊಸಬರು ಹೆಸರು ನೋಡಿ ನಗರದೊಳಗೆ ಮನೆ ಹಿಡಿದುಬಿಡುತ್ತಾರೆ. ಬೆಳಗಿನ ಜಾವದ ಶಿಫ್ಟ್ ಶುರುವಾದಾಗ ಕಷ್ಟ ಗೊತ್ತಾಗುತ್ತದೆ.

ಆದ್ದರಿಂದ ಬಾಡಿಗೆ ನೋಡುವ ಮೊದಲು ಶಿಫ್ಟ್ ವೇಳೆ ಕೇಳಿಕೊಳ್ಳಿ. ಆಮೇಲೆ ಮ್ಯೂನಿಕ್ ಸಾರಿಗೆ ಒಕ್ಕೂಟವಾದ ಎಂವಿವಿಯ ಆ್ಯಪ್‌ನಲ್ಲಿ ಆ ವೇಳೆಗೆ ತಲುಪುವ ರೈಲು ಇದೆಯೇ ಎಂದು ಒಂದು ವಾರದ ದಿನಕ್ಕೂ ಒಂದು ಭಾನುವಾರಕ್ಕೂ ಬೇರೆಬೇರೆಯಾಗಿ ಹುಡುಕಿ. ಸ್ಟೇಷನ್‌ನಿಂದ ಭದ್ರತಾ ತಪಾಸಣೆ ದಾಟಿ ಕೆಲಸದ ಜಾಗ ಸೇರಲು ಅರ್ಧ ಗಂಟೆ ಕೈಯಲ್ಲಿಟ್ಟುಕೊಳ್ಳಿ.

ನಗರದಿಂದ ಎಸ್1 ಮತ್ತು ಎಸ್8 ಎಂಬ ಉಪನಗರ ರೈಲುಗಳು ಬರುತ್ತವೆ. ಒಂದೊಂದೂ 20 ನಿಮಿಷಕ್ಕೊಮ್ಮೆ, ಪ್ರಯಾಣ ಮುಕ್ಕಾಲು ಗಂಟೆಯ ಆಸುಪಾಸು. ಎರಡೂ ನಗರದ ಕೆಳಗಿನ ಒಂದೇ ಸುರಂಗ ಮಾರ್ಗದಲ್ಲಿ ಓಡುವುದರಿಂದ ಅಲ್ಲಿ ಒಂದು ರೈಲು ಕೆಟ್ಟು ನಿಂತರೆ ಎರಡೂ ತಡವಾಗುತ್ತವೆ. ಕಾಮಗಾರಿಗೆಂದು ವಾರಾಂತ್ಯಗಳಲ್ಲಿ ಈ ಮಾರ್ಗ ಮುಚ್ಚುವುದೂ ಉಂಟು. ಎಸ್1 ಹತ್ತುವವರಿಗೆ ಇನ್ನೊಂದು ಎಚ್ಚರಿಕೆ: ನಾಯ್‌ಫಾರ್ನ್‌ನಲ್ಲಿ ರೈಲು ಎರಡು ತುಂಡಾಗಿ ಒಂದು ಭಾಗ ಫ್ರೈಸಿಂಗ್‌ಗೆ, ಇನ್ನೊಂದು ಭಾಗ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಬೋಗಿಯ ಮೇಲಿನ ಫಲಕ ಓದಿಯೇ ಕೂರಿ.

ಶಿಫ್ಟ್ ಕೆಲಸದವರಿಗೆ ನಮ್ಮ ಮೊದಲ ಆಯ್ಕೆ ಫ್ರೈಸಿಂಗ್. ಅಲ್ಲಿಂದ 635 ಬಸ್ಸು ಸುಮಾರು 20 ನಿಮಿಷದಲ್ಲಿ ವಿಮಾನ ನಿಲ್ದಾಣಕ್ಕೆ ಬಿಡುತ್ತದೆ, ನಗರದ ಸುರಂಗದ ಗೊಡವೆಯೇ ಇಲ್ಲ. ಮ್ಯೂನಿಕ್‌ಗೆ ಹೋಗಬೇಕೆಂದರೆ ಪ್ರಾದೇಶಿಕ ರೈಲು ಅರ್ಧ ಗಂಟೆಯೊಳಗೆ ತಲುಪಿಸುತ್ತದೆ. ಆದರೆ ಆ ಊರಿನಲ್ಲೇ ಇರುವ ವೈಹೆನ್‌ಸ್ಟೆಫಾನ್‌ನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಅಲ್ಲೇ ಕೋಣೆ ಹುಡುಕುತ್ತಾರೆ. ಅಕ್ಟೋಬರ್ ಹತ್ತಿರ ಬಂದಂತೆ ಪೈಪೋಟಿ ಜೋರು, ಬೇಸಿಗೆಯಲ್ಲೇ ಹುಡುಕಲು ಶುರುಮಾಡಿ.

ಹಾಲ್‌ಬೆರ್ಗ್‌ಮೋಸ್ ಎಂಬ ಊರು ಇನ್ನೂ ಹತ್ತಿರ, ಎಸ್8 ಮೇಲೆಯೇ ಇದೆ. ನೆಲ ಸಮತಟ್ಟು, ಸೈಕಲ್ಲಿಗೂ ಒಳ್ಳೆಯದು; ಚಳಿಗಾಲದ ಮಂಜು ಮತ್ತು ಹಿಮಕ್ಕೆ ಬದಲಿ ದಾರಿ ಯೋಚಿಸಿಟ್ಟಿರಿ. ರನ್‌ವೇಗಳು ಪೂರ್ವ-ಪಶ್ಚಿಮವಾಗಿ ಇರುವುದರಿಂದ ಅವುಗಳ ನೇರಕ್ಕೆ ಬರುವ ಹಳ್ಳಿಗಳಲ್ಲಿ ಸದ್ದು ಹೆಚ್ಚು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು ಮನೆಯನ್ನು ಹಗಲಿನಲ್ಲೇ ನೋಡಬೇಕು, ಕಿಟಕಿ ತೆರೆದು ಹತ್ತು ನಿಮಿಷ ನಿಲ್ಲಬೇಕು. ಇನ್ನೂ ಈಶಾನ್ಯಕ್ಕಿರುವ ಲಾಂಡ್ಸ್‌ಹುಟ್ ಊರಿನಿಂದ ವಿಮಾನ ನಿಲ್ದಾಣಕ್ಕೆ ನೇರ ರೈಲಿದೆ, ಗಂಟೆಗೊಂದೇ. ಒಂದು ತಪ್ಪಿದರೆ ಶಿಫ್ಟ್ ತಪ್ಪಿದಂತೆ. ಆಫೀಸ್ ವೇಳೆಯವರಿಗೆ ಮಾತ್ರ ಅದು ಸರಿ.

ಜರ್ಮನಿಯಾದ್ಯಂತ ಸ್ಥಳೀಯ ಬಸ್ಸು, ರೈಲುಗಳಿಗೆ ನಡೆಯುವ ಚಂದಾ ಪಾಸ್ ಆದ ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ಈ ಬಸ್ಸು, ರೈಲುಗಳಿಗೆಲ್ಲ ನಡೆಯುವುದರಿಂದ ಟಿಕೆಟ್ ದರದ ವಲಯಗಳ ಲೆಕ್ಕ ಬೇಕಿಲ್ಲ. ತಿಂಗಳ ಕೊನೆಗೆ ಪಾಸ್ ನಿಲ್ಲಿಸಬೇಕೆಂದರೆ ಆ ತಿಂಗಳ 10ನೇ ತಾರೀಖಿನೊಳಗೆ ತಿಳಿಸಬೇಕು.

ಜಾಹೀರಾತಿನಲ್ಲಿ ಕಾಲ್ಟ್‌ಮೀಟೆ ಎಂದಿದ್ದರೆ ಅದು ಬರೀ ಮನೆ ಬಾಡಿಗೆ. ವಾರ್ಮ್‌ಮೀಟೆಯಲ್ಲಿ ಹೀಟಿಂಗ್, ನೀರಿನಂಥ ಖರ್ಚು ಸೇರಿರುತ್ತದೆ. ಕರೆಂಟು ಸಾಮಾನ್ಯವಾಗಿ ಬೇರೆ. ಮುಂಗಡ ಮೂರು ಕಾಲ್ಟ್‌ಮೀಟೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತುಗಳಲ್ಲಿ ಕೊಡುವ ಹಕ್ಕು ನಿಮಗಿದೆ. ಐನ್‌ಬೌಕ್ಯುಷೆ (ಜೋಡಿಸಿದ ಅಡುಗೆಮನೆ) ಎಂದು ಬರೆದಿಲ್ಲದಿದ್ದರೆ ಅಡುಗೆಮನೆಯಲ್ಲಿ ಸಿಂಕು, ಒಲೆ ಕೂಡ ಇಲ್ಲದಿರಬಹುದು, ಕೇಳಿಕೊಳ್ಳಿ. ಮನೆ ತೋರಿಸದೆ ಹಣ ಕಳಿಸಿ ಎನ್ನುವವರು ಮೋಸಗಾರರೇ.

ಒಳಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಮಾಲೀಕರು ಸಹಿ ಹಾಕಿದ ದೃಢೀಕರಣ ಪತ್ರ ಸಿಗುವುದೇ ಎಂದು ಕರಾರಿಗೆ ಮೊದಲೇ ಕೇಳಿ. ಭದ್ರತಾ ವಲಯದ ಕೆಲಸಕ್ಕೆ ನಡೆಯುವ ಹಿನ್ನೆಲೆ ಪರಿಶೀಲನೆಯಲ್ಲಿ ಕಳೆದ 10 ವರ್ಷಗಳ ವಿಳಾಸಗಳನ್ನು ಕೊಡಬೇಕು. ಹಾಸನದ ಪಿಜಿಯಿಂದ ಬೆಂಗಳೂರಿನ ಬಾಡಿಗೆ ಮನೆವರೆಗೆ ಎಲ್ಲವನ್ನೂ ತಿಂಗಳು ಸಮೇತ ಪಟ್ಟಿ ಮಾಡಿ, ಭಾರತದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನು ಹೊರಡುವ ಮೊದಲೇ ಪಾಸ್‌ಪೋರ್ಟ್ ಕಚೇರಿಯಿಂದ ಮಾಡಿಸಿಕೊಂಡು ಬನ್ನಿ.