ಜೌಗಿನಲ್ಲಿ ಬಾತು ಬೇಟೆ: ಮಗುಚದ ಪುಟ್ಟ ದೋಣಿ ಆರಿಸುವುದು ಹೇಗೆ?

ಅಮೆರಿಕದಲ್ಲಿ ಕಾಡುಬಾತು ಬೇಟೆಯ ಹಂಗಾಮು ಚಳಿಯ ಜೊತೆಗೇ ಬರುತ್ತದೆ. ಬೆಳಕು ಹರಿಯುವ ಮುಂಚೆ ಇಬ್ಬರು ಮನುಷ್ಯರು, ಒಂದು ನಾಯಿ, ಕೋವಿ, ಎರಡು ಚೀಲ ಡೆಕಾಯ್ (ಬಾತುಗಳನ್ನು ಸೆಳೆಯಲು ನೀರಿಗೆ ಬಿಡುವ ಪ್ಲಾಸ್ಟಿಕ್ ದೀಮದ ಬಾತು) ಹೇರಿಕೊಂಡು ಪುಟ್ಟ ದೋಣಿ ಜೊಂಡಿನೊಳಗೆ ನುಗ್ಗುತ್ತದೆ. ಬಾತುಗಳು ಇಳಿದಾಗ ಒಬ್ಬ ಎದ್ದು ನಿಂತು ಪಕ್ಕಕ್ಕೆ ಗುಂಡು ಹಾರಿಸುತ್ತಾನೆ, ಅದೇ ಪಕ್ಕಕ್ಕೆ ನಾಯಿಯೂ ನೀರಿಗೆ ನೆಗೆಯುತ್ತದೆ. ಮಗುಚುವ ದೋಣಿ ಮಗುಚುವುದು ಆಗಲೇ. ಅಂಗಡಿಯಲ್ಲಿ ಎಲ್ಲರೂ ಉದ್ದ ಎಷ್ಟು, ಬೆಲೆ ಎಷ್ಟು ಎಂದು ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ತಳದ ಅಗಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಬಾತು ಬೇಟೆ ಅಪರಾಧ. ಇಲ್ಲಿರುವುದು ಅಮೆರಿಕದ ಮಾತು. ದೋಣಿಯ ಲೆಕ್ಕ ಮಾತ್ರ ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗೂ ಕೆರೆಯಲ್ಲಿ ಹಕ್ಕಿ ಎಣಿಸುವವರಿಗೂ ಒಂದೇ.

1. ನೀರು ನೋಡಿ, ಆಮೇಲೆ ದೋಣಿ

ನೀವು ಹೋಗುವ ಜಾಗದಲ್ಲಿ ನೀರು ಮೊಣಕಾಲುದ್ದವೇ, ಆಳುದ್ದವೇ? ಗಾಳಿಗೆ ಬಯಲಾಗಿದೆಯೇ, ಜೊಂಡಿನ ಮರೆ ಇದೆಯೇ? ದಾರಿಯಲ್ಲಿ ದೊಡ್ಡ ಕೊಲ್ಲಿ ದಾಟಬೇಕೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಲೂಯಿಸಿಯಾನದ ಕಿರಿದಾದ ಕಾಲುವೆಗಳಲ್ಲಿ ಓಡಾಡುವ ಪಿರೋಗ್ ಹಗುರ, ಒಬ್ಬನೇ ಎಳೆದುಕೊಂಡು ಹೋಗಬಹುದು. ಆದರೆ ಕಿರಿದು, ನಿಂತು ಗುಂಡು ಹಾರಿಸಲು ಆಗದು. ನ್ಯೂಜೆರ್ಸಿಯ ಬಾರ್ನಿಗಟ್ ಕೊಲ್ಲಿಯವರು 1836ರ ಸುಮಾರಿಗೇ ಬೇರೆ ದಾರಿ ಹಿಡಿದರು. ಅಲ್ಲಿಯ ಸ್ನೀಕ್‌ಬಾಕ್ಸ್ 12 ಅಡಿ ಉದ್ದ, 4 ಅಡಿ ಅಗಲ, ತಳ ಚಮಚದಂತೆ, ಮೇಲೆಲ್ಲ ಮುಚ್ಚಿದ ಉಬ್ಬು ಮಾಡು. ಬೇಟೆಗಾರ ಒಳಗೆ ಮಲಗಿರುತ್ತಾನೆ. ಅಲೆ ಬಡಿದರೂ ನೀರು ಮೇಲಿಂದ ಜಾರಿಹೋಗುತ್ತದೆ. ಬಯಲು ನೀರಿಗೆ ಇದಕ್ಕಿಂತ ಒಳ್ಳೆಯ ಪುಟ್ಟ ದೋಣಿ ಕಡಿಮೆ. ಸಾಮಾನು ತುಂಬಲು ಮಾತ್ರ ಜಾಗವಿಲ್ಲ.

ನಮ್ಮ ಹರಿಗೋಲು ನೆನಪಾಗಬಹುದು. ಅಗಲ ಸಾಕಷ್ಟಿದೆ, ತೆಳು ನೀರಿನಲ್ಲೂ ತೇಲುತ್ತದೆ. ಆದರೆ ಹಿಂದುಮುಂದು ಇಲ್ಲದ ಕಾರಣ ಗಾಳಿಗೆ ತಿರುಗುತ್ತದೆ, ಗುರಿಯಿಟ್ಟ ಕೋವಿಯೂ ಜೊತೆಗೆ ತಿರುಗುತ್ತದೆ.

ಮರೆಯಿರುವ ತೆಳು ನೀರಿಗೆ ಹೆಚ್ಚಿನವರು ಕೊಳ್ಳುವುದು ಜಾನ್ ಬೋಟ್: ಚಪ್ಪಟೆ ತಳ, ಮೊಂಡು ಮೂತಿ, ಅಲ್ಯೂಮಿನಿಯಂ ಒಡಲು. ಮುಂದಿನ ಲೆಕ್ಕವೆಲ್ಲ ಇದರದೇ.

2. ಹೊರೆಯನ್ನು ಕಾಗದದ ಮೇಲೆ ಕೂಡಿಸಿ

ದಪ್ಪ ಕೋಟು, ವೇಡರ್ (ನೀರು ಒಳಬಾರದ ಬೂಟು ಸಮೇತದ ಉಡುಪು) ತೊಟ್ಟ ಇಬ್ಬರು 180 ಕೆಜಿ. ಲ್ಯಾಬ್ರಡಾರ್ 30. ದಾರ, ತೇಲಿಹೋಗದಂತೆ ದಾರಕ್ಕೆ ಕಟ್ಟುವ ಭಾರದ ಸಮೇತ ಎರಡು ಡಜನ್ ಡೆಕಾಯ್ 17. 5 ಎಚ್‌ಪಿ ಮೋಟರ್ 25, ಇಂಧನ 10. ಕೋವಿ, ತೋಟಾ, ಬುತ್ತಿ 15. ಮರೆ ಕಟ್ಟುವ ಚೌಕಟ್ಟು 20. ಹತ್ತಿರಹತ್ತಿರ 300 ಕೆಜಿ ಆಯಿತು. ‘ನಾವಿಬ್ಬರೇ ತಾನೇ’ ಎನ್ನುವವರು ಈ ಪಟ್ಟಿಯನ್ನು ಎಂದೂ ಬರೆದು ನೋಡಿರುವುದಿಲ್ಲ.

ಈಗ ಮಾದರಿ ಸಂಖ್ಯೆ ಓದುವುದನ್ನು ಕಲಿಯಿರಿ. 1236 ಎಂದರೆ 12 ಅಡಿ ಉದ್ದ, ತಳದ ಅಗಲ 36 ಇಂಚು. 1448 ಎಂದರೆ 14 ಅಡಿ, 48 ಇಂಚು. 1236ರಲ್ಲಿ ಮೂತಿಯ ಏರು ಬಿಟ್ಟು ನೀರಿಗೆ ತಾಗುವುದು ಸುಮಾರು 10 ಅಡಿ ಉದ್ದ, 3 ಅಡಿ ಅಗಲ. ಅಷ್ಟು ತಳ ಒಂದಿಂಚು ಮುಳುಗಲು 70 ಕೆಜಿ ಬೇಕು. ದೋಣಿಯ ತೂಕ 65 ಕೆಜಿ ಎಂದು ಹಿಡಿದರೆ ಒಟ್ಟು 365. ಐದಿಂಚಿಗೂ ಮೀರಿ ಮುಳುಗುತ್ತದೆ. 1448ರಲ್ಲಿ ತಾಗುವ ತಳ 12 ಅಡಿಗೆ 4 ಅಡಿ, ಇಂಚಿಗೆ 113 ಕೆಜಿ. ದೋಣಿಯೇ 110 ಕೆಜಿ ತೂಗಿದರೂ ಮುಳುಗುವುದು ಮೂರೂವರೆ ಇಂಚು ಚಿಲ್ಲರೆ. ತೆಳು ನೀರಿಗೆ ಚಿಕ್ಕ ದೋಣಿಯೇ ಲೇಸು ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಕೆಸರಿನ ಮೇಲೆ ಎಳೆಯುವಾಗ ಮಾತ್ರ ಆ ಹೆಚ್ಚಿನ 45 ಕೆಜಿ ಬೆನ್ನಿಗೆ ಗೊತ್ತಾಗುತ್ತದೆ.

ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ ಇಂಥ ಮೋಟರ್ ದೋಣಿಗಳಿಗೆ ತಯಾರಕರು ಸಾಮರ್ಥ್ಯದ ತಗಡು ಬಡಿದಿರಬೇಕು: ಎಷ್ಟು ಜನ, ಒಟ್ಟು ಎಷ್ಟು ತೂಕ, ಎಷ್ಟು ಎಚ್‌ಪಿ. ನಿಮ್ಮ 300 ಕೆಜಿಯನ್ನು ಆ ಅಂಕಿಯ ಪಕ್ಕ ಇಡಿ. ತೂಕವನ್ನು ಪೌಂಡಿನಲ್ಲಿ ಬರೆದಿದ್ದರೆ 660. ಮೀರಿದರೆ ಚೌಕಾಸಿಯ ಮಾತೇ ಬೇಡ, ದೊಡ್ಡದು ನೋಡಿ. ತಗಡು ಕಿತ್ತುಹೋದ ಹಳೇ ದೋಣಿಗೆ ಒರಟು ಲೆಕ್ಕ ಹೀಗೆ: ಅಡಿಯಲ್ಲಿ ಉದ್ದವನ್ನು ಗರಿಷ್ಠ ಅಗಲದಿಂದ ಗುಣಿಸಿ 15ರಿಂದ ಭಾಗಿಸಿ. 12 ಅಡಿ ಉದ್ದ, 4 ಅಡಿ ಅಗಲಕ್ಕೆ ಮೂರು ಜನ ಬಂತು. ಅದು ಬರಿಗೈಲಿ, ತಿಳಿ ಹವೆಯಲ್ಲಿ ಕೂತು ಹೋಗುವ ಮೂರು ಜನ. ಬೇಟೆಯ ಸಾಮಾನಿನ ಜೊತೆ ಒಬ್ಬ ಮನುಷ್ಯ, ಒಂದು ನಾಯಿ ಅಷ್ಟೇ.

3. ಅಗಲಕ್ಕೆ ಹಣ ಕೊಡಿ

ಉದ್ದ ದುಪ್ಪಟ್ಟಾದರೆ ಓಲಾಟ ತಡೆಯುವ ಶಕ್ತಿ ಸುಮಾರು ದುಪ್ಪಟ್ಟಾಗುತ್ತದೆ. ಅಗಲ ದುಪ್ಪಟ್ಟಾದರೆ ಎಂಟು ಪಟ್ಟು, ಏಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಅಗಲದ ಘನ. ಮೇಲಿನ ಎರಡು ದೋಣಿಗಳನ್ನೇ ಹೋಲಿಸಿದರೆ 1448ರ ತಳ 2.8 ಪಟ್ಟು ಗಟ್ಟಿಯಾಗಿ ನಿಲ್ಲುತ್ತದೆ. ಅಳೆಯಬೇಕಾದದ್ದು ನೀರಿನ ಮಟ್ಟದ ಅಗಲವನ್ನು. ಮೇಲಂಚು ಎಷ್ಟು ಹರಡಿದ್ದರೂ ನೇರ ನಿಂತಿರುವಾಗ ಅದರಿಂದ ಪ್ರಯೋಜನವಿಲ್ಲ.

ಚಪ್ಪಟೆ ತಳಕ್ಕೊಂದು ಮೋಸದ ಗುಣವಿದೆ. ಮೊದಮೊದಲು ನೆಲದಂತೆ ಗಟ್ಟಿ ಅನ್ನಿಸುತ್ತದೆ. ಅಂಚು ನೀರಿಗೆ ತಾಗಿದ ಮೇಲೆ ಎಚ್ಚರಿಕೆ ಕೊಡದೆ ಮಗುಚುತ್ತದೆ. ವಿ ಆಕಾರದ ತಳ ಆರಂಭದಲ್ಲೇ ತೂಗಾಡಿ ಹೆದರಿಸುತ್ತದೆ, ಓರೆಯಾದಷ್ಟೂ ಬಿಗಿಯಾಗುತ್ತದೆ. ಅಲೆ ಏಳುವ ನೀರು ದಾಟುವುದಿದ್ದರೆ ಮುಂಭಾಗವಾದರೂ ವಿ ಇರುವ ದೋಣಿ ತೆಗೆದುಕೊಳ್ಳಿ.

4. ಲೋಹ, ಹೊಲಿಗೆ, ಹಿಂಬದಿಯ ಹಲಗೆ

ಅಲ್ಯೂಮಿನಿಯಂ ತಗಡಿನ ದಪ್ಪ 0.063 ಇಂಚಿದ್ದರೆ ತಿಳಿ ಕೆರೆಗೆ ಸಾಕು. ಮರದ ಬುಡ, ಮಂಜುಗಡ್ಡೆಯ ಅಂಚು ಇರುವಲ್ಲಿ 0.080 ಅಥವಾ 0.100 ಬೇಕು. ರಿವೆಟ್ ಹೊಡೆದದ್ದು ಅಗ್ಗ, ವರ್ಷಗಳಾದಂತೆ ಸೋರುತ್ತದೆ. ವೆಲ್ಡ್ ಆದದ್ದು ದುಬಾರಿ, ಬಾಳಿಕೆ ಹೆಚ್ಚು. ಹಳೆಯದಾದರೆ ಟ್ರೇಲರಿನ ಮೇಲಿರುವಾಗಲೇ ಒಳಗೆ ನಾಲ್ಕು ಬೆರಳು ನೀರು ತುಂಬಿಸಿ, ಹನಿ ಬೀಳುವ ರಿವೆಟ್‌ಗಳಿಗೆ ಗುರುತು ಹಾಕಿ. ಮೋಟರ್ ಕೂರುವ ಹಿಂಬದಿಯಲ್ಲಿ ಹಲವು ದೋಣಿಗಳಿಗೆ ಪ್ಲೈವುಡ್ ಇರುತ್ತದೆ. ಮೋಟರನ್ನು ಹಿಡಿದು ಅಲುಗಿಸಿದಾಗ ಹಿಂಬದಿಯೇ ಬಾಗಿದರೆ ಒಳಗಿನ ಹಲಗೆ ಕೊಳೆತಿದೆ ಎಂದರ್ಥ.

5. ಹಣ ಕೊಡುವ ಮುಂಚೆ ನೀರಿಗಿಳಿಸಿ

ಮೊಣಕಾಲುದ್ದದ ನೀರು ಸಾಕು. ನಿಮ್ಮ ಪಟ್ಟಿಯ ತೂಕದಷ್ಟು ಮರಳು ಚೀಲಗಳನ್ನು ಆಯಾ ಜಾಗದಲ್ಲಿಡಿ. ನೀರಿನ ಮೇಲೆ ಎಲ್ಲ ಕಡೆ ಒಂದು ಗೇಣು ಅಂಚು ಉಳಿಯಬೇಕು, ಹಿಂಬದಿಯಲ್ಲೂ. ಮೋಟರ್, ಇಂಧನ, ಚಾಲಕ ಮೂವರೂ ಅಲ್ಲೇ ಸೇರುವುದರಿಂದ ಮೊದಲು ನೀರು ನುಗ್ಗುವ ಜಾಗ ಅದೇ. ಡೆಕಾಯ್ ಚೀಲಗಳನ್ನು ಮೂತಿಗೆ ಸಾಗಿಸಿ. ಆಮೇಲೆ ಎದ್ದು ನಿಂತು ಕೋವಿ ಎತ್ತುವ ಭಂಗಿಯಲ್ಲಿ ಪಕ್ಕಕ್ಕೆ ತಿರುಗಿ. ಜೊತೆಗಾರ ಅದೇ ಪಕ್ಕಕ್ಕೆ ಸರಿಯಲಿ. ಅಂಚು ನೀರಿಗೆ ನಾಲ್ಕು ಬೆರಳಿನಷ್ಟು ಹತ್ತಿರ ಬಂದರೆ ಆ ದೋಣಿ ಇಬ್ಬರಿಗಲ್ಲ.

6. ಕೊಂಡ ಮೇಲೆ ಕೆಡಿಸಬೇಡಿ

ಜಾಗ ಸಾಲದೆಂದು ನಡುವಿನ ಕೂರುವ ಹಲಗೆಯನ್ನು ಕತ್ತರಿಸಿ ತೆಗೆಯುವವರಿದ್ದಾರೆ. ದೋಣಿಯ ಎರಡು ಪಕ್ಕೆಗಳನ್ನು ಬಿಗಿಯಾಗಿ ಹಿಡಿದಿರುವುದು ಆ ಹಲಗೆಯೇ. ಅದರ ಹೊಟ್ಟೆಯಲ್ಲಿ, ಮಗುಚಿದರೂ ತೇಲಿಸುವ ಫೋಮ್ ಇರುತ್ತದೆ. ಎತ್ತರದ ತಿರುಗು ಕುರ್ಚಿ ಹಾಕಿಸುವುದೂ ಅಷ್ಟೇ ಕೆಟ್ಟದ್ದು. ಕೂತ ಎತ್ತರ ಏರಿದಷ್ಟೂ ಅಗಲಕ್ಕೆ ಕೊಟ್ಟ ದುಡ್ಡು ನೀರಿಗೆ ಹೋಯಿತು. ತಳದಲ್ಲಿ ನಿಂತ ನೀರನ್ನು ಆಗಾಗ ಮೊಗೆದು ಚೆಲ್ಲಿ. ದೋಣಿ ಓಲಿದ ಕಡೆಗೇ ಆ ನೀರೂ ಓಡುತ್ತದೆ. ತಳಕ್ಕೆ ರಬ್ಬರ್ ಚಾಪೆ ಅಂಟಿಸಿ: ಸದ್ದಿಲ್ಲ, ಜಾರುವುದಿಲ್ಲ. ಕಾರ್ಪೆಟ್ ಬೇಡ, ನೆನೆದು ಹೆಪ್ಪುಗಟ್ಟುತ್ತದೆ.

ನೂಕುವ ಗಳ ಕೆಸರಲ್ಲಿ ಕಚ್ಚಿಕೊಂಡರೆ ಕೈಬಿಡಿ. ಹಿಡಿದು ಜಗ್ಗಿದವರು ಗಳದ ಜೊತೆ ಉಳಿಯುತ್ತಾರೆ, ದೋಣಿ ಮುಂದೆ ಹೋಗುತ್ತದೆ. ಲಂಗರನ್ನು ಯಾವತ್ತೂ ಮೂತಿಯಿಂದಲೇ ಇಳಿಸಿ.

ಕಾನೂನು ಚುಟುಕಾಗಿ: ತಲೆಗೊಂದು ಲೈಫ್ ಜಾಕೆಟ್, ಸೀಸವಿಲ್ಲದ ಗುಂಡು, ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಇಲ್ಲ. ಮೋಟರ್ ನಿಂತು, ಅದರ ಓಟವೂ ಪೂರ್ತಿ ನಿಲ್ಲುವ ತನಕ ಗುಂಡು ಹಾರಿಸುವಂತಿಲ್ಲ. ಜಾಕೆಟ್ಟನ್ನು ದೋಣಿಯಲ್ಲಿಟ್ಟರೆ ಸಾಲದು, ತೊಟ್ಟಿರಬೇಕು. ಕೊರೆಯುವ ನೀರಿಗೆ ಬಿದ್ದವನಿಗೆ ಉಸಿರು ಹತೋಟಿಗೆ ಬರಲು ಒಂದು ನಿಮಿಷ ಬೇಕು. ಕೈಬೆರಳು ಮಾತು ಕೇಳುವುದು ಹತ್ತು ನಿಮಿಷ. ಆ ಬೆರಳುಗಳಿಂದ ಜಾಕೆಟ್ಟಿನ ಬಕಲ್ ಹಾಕಲು ಆಗುವುದಿಲ್ಲ.