ಅತ್ತೆ ಹೇಳಿದ ಎರಡು ಘಳಿಗೆ

ನನ್ನ ತವರು ಶಿರಸಿ, ಮದುವೆ ಆಗಿ ಬಂದಿದ್ದು ಕುಮಟಾ ತಾಲೂಕಿನ ಅಘನಾಶಿನಿ ಹೊಳೆ ಬದಿಯ ಊರಿಗೆ. ಈ ಹೊಳೆ ಹುಟ್ಟೋದು ಶಿರಸಿ ಪೇಟೆಯ ಶಂಕರಹೊಂಡದಲ್ಲಿ, ಅಂದ್ರೆ ನನ್ನ ತವರಿನ ನೀರೇ ಘಟ್ಟ ಇಳಿದು ಗಂಡನ ಮನೆ ಹಿಂದೆ ಸಮುದ್ರ ಸೇರ್ತದೆ. ಆದ್ರೆ ಘಟ್ಟದ ಮೇಲೆ ಹೊಳೆ ಒಂದೇ ದಿಕ್ಕಿಗೆ ಹರೀತದೆ, ಇಲ್ಲಿ ಹಾಗಲ್ಲ, ಬೆಳಿಗ್ಗೆ ಒಳಗೆ ಬರ್ತದೆ, ಮಧ್ಯಾಹ್ನದ ಮೇಲೆ ಹೊರಗೆ ಹೋಗ್ತದೆ. ಬಂದ ಮೊದಲ ವಾರ ನಾನು ಹಿತ್ತಲ ಕಟ್ಟೆ ಮೇಲೆ ಕೂತು ಬರೀ ಅದನ್ನೇ ನೋಡಿದ್ದು.

ನಮ್ಮ ಅತ್ತೆ ಬಳಚು, ಅಂದ್ರೆ ತಿನ್ನೋ ಚಿಪ್ಪಿಕಲ್ಲು, ತೆಗೆಯೋಕೆ ಹೋಗ್ತಾರೆ. ನೀರು ಇಳಿದು ಮರಳದಿಣ್ಣೆ ಕಂಡಾಗ ಮಾತ್ರ ಚಿಪ್ಪಿಕಲ್ಲು ಸಿಗೋದು, ಹಾಗಾಗಿ ಹೊತ್ತು ತಪ್ಪಿದ್ರೆ ಆ ದಿನದ ಕೆಲಸವೇ ಹೋಯ್ತು. ಅವರ ಹತ್ರ ವಾಚಿಲ್ಲ, ಗೋಡೆ ಕ್ಯಾಲೆಂಡರಿನಲ್ಲಿ ತಿಥಿ ನೋಡ್ತಾರೆ, ಬುಟ್ಟಿ ಎತ್ಕೊಂಡು ಹೊರಡ್ತಾರೆ, ಹೋಗೋ ಹೊತ್ತಿಗೆ ಸರಿಯಾಗಿ ನೀರು ಇಳಿದಿರ್ತದೆ. ಒಂದಿನ ಕೇಳಿದೆ, ನಿಮಗೆ ಹೇಗೆ ಗೊತ್ತಾಗ್ತದೆ ಅತ್ತೆ ಅಂತ. "ಅದೆಂತ ದೊಡ್ಡ ವಿದ್ಯೆ ಮಗಾ, ಅಮಾಸೆ ದಿನ ಸಂಜೆ ಐದರ ಹೊತ್ತಿಗೆ ಇಳಿತ, ಅಲ್ಲಿಂದ ದಿನಕ್ಕೆ ಎರಡು ಘಳಿಗೆ ತಡ ಮಾಡ್ತಾ ಹೋಗೂದು" ಅಂದ್ರು.

ಎರಡು ಘಳಿಗೆ ಯಾಕೆ? ಈ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ.

ನಾನು ಪಿಯುಸಿ ಸೈನ್ಸ್ ತಗೊಂಡು ಗಣಿತದಲ್ಲಿ ಫೇಲ್ ಆದವಳು, ಆಮೇಲೆ ಹೊಲಿಗೆ ಕಲಿತು ಈಗ ಮನೆ ಮುಂದೇ ಟೈಲರಿಂಗ್ ಅಂಗಡಿ ಇಟ್ಕೊಂಡಿದ್ದೇನೆ. ಎರಡು ವರ್ಷ ಫಿಸಿಕ್ಸ್ ಬಾಯಿಪಾಠ ಮಾಡಿದ್ದೆ, ಒಂದಕ್ಷರ ಉಳಿದಿಲ್ಲ. ಆದ್ರೆ ಈ ಎರಡು ಘಳಿಗೆಯ ಹಿಂದೆ ಹೋದವಳು ಮೂರು ವರ್ಷದಲ್ಲಿ ಕಲಿತದ್ದನ್ನ ಯಾರೂ ನನಗೆ ಪರೀಕ್ಷೆಗೆ ಕೊಡಲಿಲ್ಲ, ಆದರೂ ಮರೆತಿಲ್ಲ. ಅದಕ್ಕೇ ಇದನ್ನ ಬರೀತಿದ್ದೇನೆ.

ಮೊದಲು ಮಾಡಿದ ಕೆಲಸ ಅಳೆಯೋದು, ನನಗೆ ಬರೋದೂ ಅದೇ. ದೋಣಿ ಕಟ್ಟೋ ಜಾಗದಲ್ಲಿ ಒಂದು ಹಳೇ ಮರದ ಕಂಬ ಇದೆ, ಅದಕ್ಕೆ ನನ್ನ ಹೊಲಿಗೆ ಟೇಪ್ ಹಿಡಿದು ಹತ್ತತ್ತು ಸೆಂಟಿಮೀಟರಿಗೆ ಬಿಳಿ ಪೇಂಟಿನ ಗೆರೆ ಎಳೆದೆ. ಗಿರಾಕಿಗಳ ಅಳತೆ ಬರೆಯೋ ಪುಸ್ತಕದ ಹಿಂದಿನ ಹಾಳೆಲಿ ತಾರೀಕು, ತಿಥಿ, ನೀರು ಪೂರ್ತಿ ಇಳಿದ ಹೊತ್ತು, ಪೂರ್ತಿ ತುಂಬಿದ ಹೊತ್ತು, ಯಾವ ಗೆರೆ ಅಂತ ಬರೀತಾ ಹೋದೆ. ಒಂದು ತಿಂಗಳಾದ ಮೇಲೆ ಕೂತು ಲೆಕ್ಕ ಹಾಕಿದ್ರೆ ದಿನಕ್ಕೆ ಸರಾಸರಿ 50 ನಿಮಿಷ ತಡ ಅಂತ ಬಂತು. ಒಂದು ಘಳಿಗೆ ಅಂದ್ರೆ 24 ನಿಮಿಷ, ಎರಡು ಘಳಿಗೆಗೆ 48. ಆ ದಿನ ಮೈ ಜುಂ ಅಂದಿದ್ದು ಈಗಲೂ ನೆನಪಿದೆ.

ಕಾರಣ ಹುಡುಕಿದಾಗ ಗೊತ್ತಾಯ್ತು, ಭೂಮಿ ಒಂದು ಸುತ್ತು ತಿರುಗೋ ಹೊತ್ತಿಗೆ ಚಂದ್ರನೂ ಸ್ವಲ್ಪ ಮುಂದೆ ಹೋಗಿರ್ತಾನೆ, ಅವನನ್ನ ಹಿಡಿಯೋಕೆ ಇನ್ನೂ 50 ನಿಮಿಷ ತಿರುಗಬೇಕು, ಅದಕ್ಕೇ ಚಂದ್ರನ ದಿನ ಅಂದ್ರೆ 24 ತಾಸು 50 ನಿಮಿಷ, ಅದರಲ್ಲಿ ಎರಡು ಭರತ (ನೀರು ಏರೋದು) ಎರಡು ಇಳಿತ. ಇಷ್ಟು ಓದೋಕೆ ನಾನು ಇಂಗ್ಲಿಷ್ ಪುಟಗಳನ್ನ ಡಿಕ್ಷನರಿ ಇಟ್ಕೊಂಡು ಓದಿದ್ದು, ಬೇರೆ ಯಾವುದಕ್ಕೂ ನಾನು ಅಷ್ಟು ಇಂಗ್ಲಿಷ್ ಓದಿದವಳಲ್ಲ.

ಆಮೇಲೆ ಸಿಕ್ಕಿ ಹಾಕ್ಕೊಂಡೆ. ಚಂದ್ರ ಇರೋ ಕಡೆ ನೀರು ಏಳ್ತದೆ, ಸರಿ, ಹಾಗಾದ್ರೆ ದಿನಕ್ಕೆ ಒಂದೇ ಭರತ ಬರಬೇಕಿತ್ತಲ್ಲ, ಚಂದ್ರನಿಗೆ ಬೆನ್ನು ಹಾಕಿದ ಕಡೆ ಯಾಕೆ ಏಳ್ತದೆ? ಎಷ್ಟು ವಿಡಿಯೋ ನೋಡಿದ್ರೂ ತಲೆಗೆ ಹೋಗ್ಲಿಲ್ಲ. ಮೂರು ತಿಂಗಳು ಅಲ್ಲೇ ನಿಂತಿದ್ದೆ. ಒಂದಿನ ಲಂಗಕ್ಕೆ ಎಲಾಸ್ಟಿಕ್ ಹಾಕ್ತಾ ಇದ್ದಾಗ ಹೊಳೀತು. ಒಂದು ಮೊಳ ಎಲಾಸ್ಟಿಕ್ಕಿಗೆ ಮೂರು ಗುಂಡಿ ಹೊಲಿದೆ, ನಡುವಿನದು ಭೂಮಿ, ಒಂದು ಚಂದ್ರನ ಕಡೆಯ ನೀರು, ಇನ್ನೊಂದು ಆ ಬದಿಯ ನೀರು. ಹತ್ತಿರದ್ದಕ್ಕೆ ಚಂದ್ರನ ಸೆಳೆತ ಹೆಚ್ಚು, ನಡುವಿನದಕ್ಕೆ ಅದಕ್ಕಿಂತ ಕಮ್ಮಿ, ದೂರದ್ದಕ್ಕೆ ಎಲ್ಲಕ್ಕಿಂತ ಕಮ್ಮಿ. ಮೊದಲ ಗುಂಡಿ ಮೂರು ಬೆರಳು, ನಡುವಿನದು ಎರಡು ಬೆರಳು, ಕೊನೇದು ಒಂದೇ ಬೆರಳು, ಹೀಗೆ ಮೂರನ್ನೂ ಒಂದೇ ದಿಕ್ಕಿಗೆ ಸರಿಸಿದೆ, ಸರಿಸಿದ ಮೇಲೆ ನೋಡಿದ್ರೆ ನಡುವಿನ ಗುಂಡಿಯಿಂದ ಎರಡೂ ಕಡೆ ಎಲಾಸ್ಟಿಕ್ ಹಿಗ್ಗಿತ್ತು! ಆ ಬದಿಯ ನೀರನ್ನ ಯಾರೂ ಆಚೆ ದೂಡಿದ್ದಲ್ಲ, ಅದು ಹಿಂದೆ ಉಳಿದದ್ದು. ಆ ಎಲಾಸ್ಟಿಕ್ ಇನ್ನೂ ನನ್ನ ಮೆಶಿನಿನ ಡ್ರಾವರಲ್ಲಿದೆ, ಮಗನ ಕ್ಲಾಸಿನ ಮಕ್ಕಳು ಬಂದ್ರೆ ತೆಗೆದು ತೋರಿಸ್ತೇನೆ.

ಅಮಾಸೆ ಹುಣ್ಣಿಮೆಗೆ ಸೂರ್ಯ ಚಂದ್ರ ಒಂದೇ ಗೆರೆಲಿ ಇರೋದ್ರಿಂದ ನೀರು ಹೆಚ್ಚು ಏಳ್ತದೆ, ಹೆಚ್ಚು ಇಳೀತದೆ, ಅಷ್ಟಮಿಗೆ ಅಡ್ಡಡ್ಡ ಎಳೆಯೋದ್ರಿಂದ ಕಮ್ಮಿ. ಇದು ಶಾಲೆ ಪುಸ್ತಕದಲ್ಲೂ ಇದೆ. ನನ್ನ ಕಂಬದಲ್ಲಿ ಅಮಾಸೆ ಹೊತ್ತಿಗೆ ಸುಮಾರು 160 ಸೆಂಟಿಮೀಟರ್ ವ್ಯತ್ಯಾಸ, ಅಷ್ಟಮಿಗೆ 60-70 ಅಷ್ಟೇ, ಅತ್ತೆ ಅಷ್ಟಮಿ ನವಮಿಗೆ ಹೊಳೆಗೆ ಇಳಿಯದೆ ಮನೇಲಿ ಇರೋದು ಇದಕ್ಕೇ ಅಂತ ಆಗ ಅರ್ಥ ಆಯ್ತು. (ಗುಜರಾತಿನ ಭಾವನಗರದ ಕಡೆ ಈ ವ್ಯತ್ಯಾಸ 10 ಮೀಟರ್ ದಾಟ್ತದಂತೆ, ಅಲ್ಲಿ ಕೊಲ್ಲಿ ಆಲಿಕೆ ಥರ ಕಿರಿದಾಗ್ತಾ ಹೋಗ್ತದೆ. ಒಮ್ಮೆ ಹೋಗಿ ನೋಡಬೇಕು ಅಂತ ಬಹಳ ಆಸೆ.)

ಆದ್ರೆ ಒಂದು ತಾಳೆ ಆಗ್ತಿರಲಿಲ್ಲ. ನನ್ನ ಪುಸ್ತಕದಲ್ಲಿ ಎಲ್ಲಕ್ಕಿಂತ ದೊಡ್ಡ ನೀರು ಬಂದಿದ್ದು ಅಮಾಸೆ ದಿನ ಅಲ್ಲ, ಮರುದಿನ, ಇಲ್ಲಾಂದ್ರೆ ಅದರ ಮರುದಿನ. ಗೆರೆ ಎಳೆದಿದ್ದು ತಪ್ಪಾಯ್ತಾ ಅಂತ ಮತ್ತೆ ಟೇಪ್ ಹಿಡಿದು ನೋಡಿದೆ, ಸರಿ ಇತ್ತು. ನಾಲ್ಕು ತಿಂಗಳೂ ಹಾಗೇ ಬಂತು. ಅತ್ತೆ ಹತ್ರ ಹೇಳಿದ್ರೆ "ಬಿದಿಗೆ ನೀರೇ ದೊಡ್ಡದು, ಅದು ಎಲ್ಲರಿಗೂ ಗೊತ್ತಿದ್ದದ್ದೇ" ಅಂದ್ರು. ಮತ್ತೆ ಹುಡುಕಿದೆ, ಓದಿದೆ. ಸಮುದ್ರ ಅಷ್ಟು ದೊಡ್ಡ ನೀರಿನ ರಾಶಿ, ಎಳೆದ ಕೂಡಲೇ ಏಳಲ್ಲ, ಆಳ, ದಡ, ತಳದ ತಿಕ್ಕಾಟ ಎಲ್ಲ ಸೇರಿ ಒಂದೆರಡು ದಿನ ಹಿಂದೆ ಬೀಳ್ತದೆ, ಇದಕ್ಕೆ ಭರತದ ವಯಸ್ಸು ಅಂತ ಹೆಸರೇ ಇದೆ. ಪುಸ್ತಕದ ಒಂದು ಸಾಲು ಬಾಯಿಪಾಠ ಮಾಡಿದ್ದರೆ ನನಗೆ ಈ ಅನುಮಾನವೇ ಬರ್ತಿರಲಿಲ್ಲ.

ಕೊನೆಗೆ ಬಂದಿದ್ದು ನಾನು ಫೇಲ್ ಆಗಿದ್ದ ಅದೇ ಸೈನ್ ಕೊಸೈನ್. ನಮ್ಮ ಸರ್ವೆ ಆಫ್ ಇಂಡಿಯಾದವರು ಪ್ರತಿ ವರ್ಷ ಭರತ ಇಳಿತದ ಟೇಬಲ್ ಪುಸ್ತಕ ಪ್ರಿಂಟ್ ಮಾಡ್ತಾರೆ. ಮುಂದಿನ ವರ್ಷದ ನೀರನ್ನ ಈಗಲೇ ಹೇಗೆ ಹೇಳ್ತಾರೆ ಅಂತ ನೋಡೋಕೆ ಹೋದ್ರೆ, ಚಂದ್ರನಿಗೊಂದು ಅಲೆ, ಸೂರ್ಯನಿಗೊಂದು ಅಲೆ, ಹೀಗೆ ಸುಮಾರು ಸೈನ್ ಅಲೆ ಕೂಡಿಸೋದು, 1872ರಲ್ಲಿ ವಿಲಿಯಂ ಥಾಮ್ಸನ್ ಅನ್ನೋ ವಿಜ್ಞಾನಿ ಇದನ್ನ ಕೂಡಿಸೋಕೆ ರಾಟೆ, ಹಗ್ಗದ ಮೆಶಿನನ್ನೇ ಮಾಡಿಸಿದ್ರು. ನಾನು ಮಗನ ಗ್ರಾಫ್ ಶೀಟ್ ತಗೊಂಡು 12 ತಾಸಿಗೊಮ್ಮೆ ಏಳೋ ಸೂರ್ಯನ ಅಲೆ, 12 ತಾಸು 25 ನಿಮಿಷಕ್ಕೊಮ್ಮೆ ಏಳೋ ಚಂದ್ರನ ಅಲೆ ಎರಡನ್ನೂ ಬಿಡಿಸಿದೆ, ಸೂರ್ಯನದನ್ನ ಚಂದ್ರನದರ ಅರ್ಧಕ್ಕಿಂತ ಸ್ವಲ್ಪ ಗಿಡ್ಡ ಮಾಡಿ. ನಾಲ್ಕು ರಾತ್ರಿ ಹಿಡೀತು, ಶೀಟಿಗೆ ಶೀಟು ಅಂಟಿಸಿ ಅಡುಗೆಮನೆ ನೆಲದ ಉದ್ದಕ್ಕೂ ಹಾಸಿದೆ. ಕೂಡಿಸಿದ ಗೆರೆ ನಿಧಾನಕ್ಕೆ ದಪ್ಪ ಆಗಿ, ಏಳೂವರೆ ದಿನಕ್ಕೆ ಸಣ್ಣಗಾಗಿ, ಹದಿನೈದಕ್ಕೆ ಮತ್ತೆ ದಪ್ಪ ಆಯ್ತು. ಅಮಾಸೆ, ಅಷ್ಟಮಿ, ಹುಣ್ಣಿಮೆ, ನೆಲದ ಮೇಲೆ ಕಾಣ್ತಾ ಇತ್ತು. ಪಿಯುಸಿಲಿ ಯಾರಾದ್ರೂ ಸೈನ್ ಅಂದ್ರೆ ನಮ್ಮೂರ ಹೊಳೆ ಅಂತ ಹೇಳಿದ್ದಿದ್ರೆ ಅಂತ ಅನ್ನಿಸಿ ಅಳು ಬಂತು.

ಯಾರಾದ್ರೂ ಮಕ್ಕಳಿಗೆ ಹೇಗೆ ಕಲಿಸೋದು ಅಂತ ಕೇಳಿದ್ರೆ ನಾನು ಹೇಳೋದು ಒಂದೇ, ಅವರು ಏನು ಕೇಳ್ತಾರೆ ಅಂತ ಮೊದಲು ಕೇಳಿಸ್ಕೊಳ್ಳಿ, ಉತ್ತರ ಬೇಗ ಕೊಡ್ಬೇಡಿ, ಅಳೆಯೋಕೆ ಒಂದು ಟೇಪ್ ಕೊಡಿ. ಮಗನಿಗೆ ಹೊಳೆ ಲೆಕ್ಕದಲ್ಲಿ ಅಷ್ಟು ಆಸಕ್ತಿ ಇಲ್ಲ, ಅವನದ್ದು ಕಾಂಡ್ಲ ಗಿಡದ ಬೇರು, ಉಪ್ಪುನೀರಲ್ಲಿ ಅದು ಹೇಗೆ ಬದುಕ್ತದೆ ಅಂತ. ನಾನು ಹೊಳೆ ಕಡೆ ಅವನನ್ನ ಎಳೆಯೋಕೆ ಹೋಗಿಲ್ಲ.

ಮೊನ್ನೆ ರಾತ್ರಿ ಊಟ ಆದ ಮೇಲೆ ಅತ್ತೆನೇ ಬಂದು ಕೇಳಿದ್ರು, "ಹಗಲಿನ ಭರತಕ್ಕಿಂತ ರಾತ್ರಿದು ಒಂದು ಗೇಣು ಮೇಲೆ ಬಂದಿತ್ತಲ್ಲ, ಅದು ಎಂತಕ್ಕೆ?" ಅಂತ. ಇಷ್ಟು ದಿನ ನಾನು ಬರೆದದ್ದೆಲ್ಲ ಹೆಚ್ಚಾಗಿ ಹಗಲಿನದ್ದೇ. ಟಾರ್ಚಿಗೆ ಹೊಸ ಸೆಲ್ ಹಾಕಿ ಇಟ್ಟಿದ್ದೇನೆ, ಇವತ್ತು ಹನ್ನೊಂದೂವರೆಗೆ ಇಬ್ಬರೂ ಕಂಬದ ಹತ್ರ ಹೋಗ್ತೇವೆ.